ಪ್ಯಾಕೆಟ್ ಮುಂದೆ ಕುರಿ, ಹಿಂದೆ ಬರೀ ‘ಮಾಂಸ’: ಒಂದು ದೂರು

ಹನುಮಂತನಗರ, ಬೆಂಗಳೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ನಿಮ್ಮ ‘ಲ್ಯಾಂಬ್ ಅಂಡ್ ರೈಸ್’ ನಾಯಿ ಆಹಾರದಲ್ಲಿ ಯಾವ ಪ್ರಾಣಿಯ ಮಾಂಸ ಇದೆ ಎಂದು ತಿಳಿಸದೇ ಇರುವುದು

ಮಾನ್ಯರೇ,

ನಮ್ಮ ನಾಯಿ ಕರಿಯನಿಗೆ ಆರು ವರ್ಷ. ಬೀದಿಯಲ್ಲಿ ಹುಟ್ಟಿದವನು. ಮರಿಯಿದ್ದಾಗ ಮಳೆಯಲ್ಲಿ ನೆನೆದು ನಮ್ಮ ಗೇಟಿನ ಹತ್ತಿರ ಕೂತಿದ್ದ, ಅಂದಿನಿಂದ ನಮ್ಮವನೇ. ಕಳೆದ ವರ್ಷ ಅವನಿಗೆ ಕೆರೆತ ಶುರುವಾಯಿತು. ಪಾದ ನೆಕ್ಕಿ ನೆಕ್ಕಿ ಗಾಯ ಮಾಡಿಕೊಂಡ. ಕಿವಿ ಪದೇಪದೇ ಸೋರುತ್ತಿತ್ತು. ಡಾಕ್ಟರ್ ಎಂಟು ವಾರ ಮನೆಯಲ್ಲೇ ಬೇಯಿಸಿದ ಕುರಿ ಮಾಂಸ ಮತ್ತು ಅನ್ನ ಬಿಟ್ಟು ಬೇರೇನೂ ಹಾಕಬೇಡಿ ಎಂದರು. ನಾವು ಒಂದು ಬಿಸ್ಕತ್ತನ್ನೂ ಕೊಡಲಿಲ್ಲ. ಕೆರೆತ ನಿಂತಿತು. ಆಮೇಲೆ ಅವರು ಹೇಳಿದಂತೆಯೇ ಸ್ವಲ್ಪ ಕೋಳಿ ಹಾಕಿ ನೋಡಿದೆವು. ಮೂರನೇ ದಿನಕ್ಕೆ ಮತ್ತೆ ಶುರು. ಕೋಳಿ ಅವನಿಗೆ ಆಗಿಬರಲ್ಲ ಎಂದು ಗೊತ್ತಾಗಿದ್ದು ಹೀಗೆ.

ದಿನಾ ಕುರಿ ಮಾಂಸ ತರುವುದು ನಮ್ಮಂಥವರಿಗೆ ಕಷ್ಟ. ಅದಕ್ಕೇ ಗಾಂಧಿ ಬಜಾರಿನ ಅಂಗಡಿಯಲ್ಲಿ ನಿಮ್ಮ 3 ಕೆಜಿ ಪ್ಯಾಕೆಟ್ ತಂದೆವು. ಮುಂದೆ ದೊಡ್ಡ ಅಕ್ಷರದಲ್ಲಿ ‘ಲ್ಯಾಂಬ್ ಅಂಡ್ ರೈಸ್’, ಪಕ್ಕದಲ್ಲಿ ಕುರಿಯ ಚಿತ್ರ. ಕೋಳಿಯ ಹೆಸರೇ ಇಲ್ಲ. ಒಂದು ವಾರದೊಳಗೆ ಕರಿಯ ಮತ್ತೆ ಪಾದ ಕಚ್ಚಿಕೊಳ್ಳತೊಡಗಿದ.

ಆಗ ಹಿಂಭಾಗದ ಸಣ್ಣ ಅಕ್ಷರಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ದೊಡ್ಡದು ಮಾಡಿ ಓದಿದೆವು. ಅಲ್ಲಿರುವ ಕ್ರಮ ಇದು: ಅಕ್ಕಿ, ಮೆಕ್ಕೆಜೋಳ, ಮೀಟ್ ಅಂಡ್ ಅನಿಮಲ್ ಡಿರೈವೇಟಿವ್ಸ್ (ಮಾಂಸ ಮತ್ತು ಪ್ರಾಣಿಯ ಇತರ ಭಾಗಗಳು), ಕಾರ್ನ್ ಗ್ಲುಟೆನ್ ಮೀಲ್ (ಮೆಕ್ಕೆಜೋಳದ ಪ್ರೋಟೀನ್ ಪುಡಿ), ಮೆಕ್ಕೆಜೋಳದ ತೌಡು, ಪೌಲ್ಟ್ರಿ ಫ್ಯಾಟ್ (ಕೋಳಿ ಮುಂತಾದ ಹಕ್ಕಿಗಳ ಕೊಬ್ಬು), ಲ್ಯಾಂಬ್ ಮೀಲ್ (ಕುರಿ ಮಾಂಸದ ಪುಡಿ) ಶೇ 4, ಅನಿಮಲ್ ಡೈಜೆಸ್ಟ್.

ತೂಕದಲ್ಲಿ ಜಾಸ್ತಿ ಇರುವುದನ್ನು ಮೊದಲು ಬರೆಯುವುದು ರೂಢಿ. ಹಾಗಾದರೆ ಪ್ಯಾಕೆಟ್ಟಿಗೆ ಹೆಸರು ಕೊಟ್ಟ ಕುರಿ ಏಳನೇ ಜಾಗದಲ್ಲಿದೆ. ಮೆಕ್ಕೆಜೋಳ ಮೂರು ಹೆಸರಿನಲ್ಲಿ ಮೂರು ಕಡೆ ಬಂದಿದೆ. ಮೂರನ್ನೂ ಕೂಡಿಸಿದರೆ ಅದು ಅಕ್ಕಿಗಿಂತ ಜಾಸ್ತಿ ಇದ್ದರೂ ಇರಬಹುದು. ಓದುವವರಿಗೆ ಅದು ತಿಳಿಯುವುದಾದರೂ ಹೇಗೆ?

‘ಮೀಲ್’ ಎಂಬ ಪದದ ಬಗ್ಗೆ ನಮ್ಮ ತಕರಾರಿಲ್ಲ. ಹಸಿ ಮಾಂಸದಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ ಇರುತ್ತದೆ. ಬೇಯಿಸಿ, ಕೊಬ್ಬು ತೆಗೆದು, ಒಣಗಿಸಿ ಪುಡಿ ಮಾಡಿದ ಮೀಲ್‌ನಲ್ಲಿ ಅದೇ ತೂಕಕ್ಕೆ ಪ್ರೋಟೀನ್ ಹೆಚ್ಚು. ಲಿವರ್, ಕಿಡ್ನಿ ಹಾಕಿದ್ದಕ್ಕೂ ಬೇಸರವಿಲ್ಲ. ಅದನ್ನು ನಾಯಿ ಖುಷಿಯಿಂದ ತಿನ್ನುತ್ತದೆ, ಅದಕ್ಕೆ ಒಳ್ಳೆಯದೂ ಹೌದು. ನಮ್ಮ ಪ್ರಶ್ನೆ ಒಂದೇ: ‘ಮೀಟ್’ ಅಂದರೆ ಯಾವ ಪ್ರಾಣಿಯದು? ‘ಅನಿಮಲ್’ ಅಂದರೆ ಯಾವುದು?

ಪೌಲ್ಟ್ರಿ ಫ್ಯಾಟ್ ಬಗ್ಗೆ ಡಾಕ್ಟರನ್ನು ಕೇಳಿದೆವು. ಅಲರ್ಜಿ ತರುವುದು ಸಾಮಾನ್ಯವಾಗಿ ಪ್ರೋಟೀನ್, ಚೆನ್ನಾಗಿ ಶುದ್ಧ ಮಾಡಿದ ಕೊಬ್ಬಿನ ಮೇಲೆ ಅಷ್ಟು ಅನುಮಾನ ಇಲ್ಲ ಎಂದರು. ಅವರಿಗೆ ಅನುಮಾನ ಇರುವುದು ಆ ಮೂರನೇ ಪದಾರ್ಥದ ಮೇಲೆ, ಮತ್ತೆ ಕೊನೆಯ ಡೈಜೆಸ್ಟ್ ಮೇಲೆ. ಪ್ರಾಣಿಯ ಅಂಗಾಂಶವನ್ನು ಎಂಜೈಮ್‌ನಿಂದ ಕರಗಿಸಿ, ರುಚಿಗಾಗಿ ಒಣ ಆಹಾರದ ತುಣುಕುಗಳ ಮೇಲೆ ಸಿಂಪಡಿಸುವ ದ್ರವ ಅದು. ಅದಕ್ಕೆ ಕೋಳಿಯ ಲಿವರ್ ಬಳಸುವುದು ತುಂಬಾ ಸಾಮಾನ್ಯವಂತೆ. ಸ್ವಲ್ಪವೇ ಇದ್ದರೂ ಕರಿಯನಂಥ ನಾಯಿಗೆ ಸಾಕು.

ನಿಮ್ಮ ಗ್ರಾಹಕ ಸೇವೆಗೆ ಮೂರು ಸಲ ಫೋನ್ ಮಾಡಿದೆವು. ಮೊದಲ ಸಲ ‘ಲ್ಯಾಂಬ್ ಇದೆ’ ಎಂದರು. ಎರಡನೇ ಸಲ ಫಾರ್ಮುಲಾ ಹೇಳಲು ಬರುವುದಿಲ್ಲ ಎಂದರು. ಮೂರನೇ ಸಲ, ‘ಕ್ರೂಡ್ ಪ್ರೋಟೀನ್ ಶೇ 22 ಇದೆ, ಕ್ವಾಲಿಟಿ ಬಗ್ಗೆ ಚಿಂತೆ ಬೇಡ’ ಎಂದರು. ಆ ಅಂಕಿಯಿಂದ ನಮಗೇನು ತಿಳಿಯುತ್ತದೆ? ಆಹಾರದಲ್ಲಿರುವ ಸಾರಜನಕ ಅಳೆದು, 6.25ರಿಂದ ಗುಣಿಸಿ ತೆಗೆದ ಲೆಕ್ಕ ಅದು. ಪ್ರೋಟೀನ್ ಕುರಿಯದೋ, ಕೋಳಿಯದೋ, ಮೆಕ್ಕೆಜೋಳದ್ದೋ, ಅದು ಹೇಳುವುದಿಲ್ಲ. ಇದೇ ಲೆಕ್ಕವನ್ನು ವಂಚಿಸಲು, ಚೀನಾದಿಂದ ಅಮೆರಿಕಕ್ಕೆ ಬಂದ ಗೋಧಿ ಗ್ಲುಟೆನ್‌ಗೆ (ಗೋಧಿಯ ಪ್ರೋಟೀನ್) ಸಾರಜನಕ ಹೆಚ್ಚಿರುವ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ್ದು 2007ರಲ್ಲಿ ಬಯಲಾಯಿತು. ಅದನ್ನು ತಿಂದ ನಾಯಿ, ಬೆಕ್ಕುಗಳು ಕಿಡ್ನಿ ಕೆಟ್ಟು ಸತ್ತವು. ಎಷ್ಟೋ ಕಂಪನಿಗಳು ಮಾಲು ವಾಪಸ್ ಪಡೆಯಬೇಕಾಯಿತು. ನಿಮ್ಮ ಆಹಾರದಲ್ಲಿ ಅಂಥದ್ದಿದೆ ಎಂದು ನಾವು ಹೇಳುತ್ತಿಲ್ಲ. ಕೇಳಿದ ಪ್ರಶ್ನೆಗೆ ಆ ಅಂಕಿ ಉತ್ತರ ಅಲ್ಲ, ಅಷ್ಟೇ.

ಇನ್ನೊಂದು ಮಾತು. ಕರಿಯನಿಗೆ ಊಟ ಹಾಕುವುದು ನಮ್ಮ ಅಮ್ಮ. ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಬೆಂಗಳೂರಿನಲ್ಲಿ ಮಾರುವ ಈ ಪ್ಯಾಕೆಟ್ ಮೇಲೆ ಒಂದಕ್ಷರ ಕನ್ನಡ ಇಲ್ಲ. ಎಷ್ಟು ಹಾಕಬೇಕು ಎಂಬುದನ್ನೂ ನಾವೇ ಚೀಟಿ ಬರೆದು ಡಬ್ಬಕ್ಕೆ ಅಂಟಿಸಿದ್ದೇವೆ.

ಫೋಟೊದಲ್ಲಿರುವ ಬ್ಯಾಚ್‌ನಲ್ಲಿ ಯಾವ ಯಾವ ಪ್ರಾಣಿಯ ಮಾಂಸ, ಲಿವರ್, ಕೊಬ್ಬು ಇದೆ ಎಂದು 15 ದಿನದೊಳಗೆ ಲಿಖಿತವಾಗಿ ತಿಳಿಸಿ. ಪ್ಯಾಕೆಟ್‌ನ 1,450 ರೂಪಾಯಿ ವಾಪಸ್ ಕೊಡಿ. ಮುಂದೆ ಅಚ್ಚು ಹಾಕುವಾಗ ‘ಮೀಟ್’ ಎಂದು ಸುಮ್ನೆ ಬರೆಯದೆ ಪ್ರಾಣಿಯ ಹೆಸರು ಬರೆಯಿರಿ, ಕನ್ನಡದಲ್ಲೂ ಬರೆಯಿರಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇವೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇವೆ.

ಕರಿಯ ಈಗ ಮತ್ತೆ ಮನೆ ಅಡುಗೆ ತಿನ್ನುತ್ತಿದ್ದಾನೆ. ಮುಂಗಾಲಿನ ಗಾಯ ಇನ್ನೂ ಮಾಗಿಲ್ಲ. ಉಳಿದ ಎರಡು ಕೆಜಿ ಆಹಾರವನ್ನು ಗಾಳಿಯಾಡದ ಡಬ್ಬದಲ್ಲಿ ತೆಗೆದಿಟ್ಟಿದ್ದೇವೆ. ಪರೀಕ್ಷೆಗೆ ಬೇಕಿದ್ದರೆ ನಿಮ್ಮವರನ್ನು ಕಳಿಸಿ, ಕೊಡುತ್ತೇವೆ.

ಇಂತಿ,
ನಿಮ್ಮ ಗ್ರಾಹಕರು

ಲಗತ್ತು: ಅಂಗಡಿ ಬಿಲ್, ಪ್ಯಾಕೆಟ್‌ನ ಎರಡೂ ಬದಿಯ ಫೋಟೊ, ಡಾಕ್ಟರ ಚೀಟಿ