ಎಷ್ಟು ಅಂಕಕ್ಕೆ ಹೋಗಿದೆ ಅಂತ ಮೊದಲು ನೋಡು

ಪ್ರೀತಿಯ ಕೂಸೇ,

ಅತ್ತೆಯ ಆಶೀರ್ವಾದ. ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ಈ ಮಳೆಗೆ ಸಿರ್ಸಿ ಕಡೆ ನೆಟ್‌ವರ್ಕ್ ನಿಲ್ಲುವುದಿಲ್ಲ, ಮಾತು ಅರ್ಧಕ್ಕೇ ತುಂಡಾಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನಿನ್ನ ಅಪ್ಪನಿಗೆ ನಾನು ಏನೂ ಹೇಳಿಲ್ಲ. ಅದು ನೀನೇ ಹೇಳಬೇಕಾದ ಮಾತು.

ಪರೀಕ್ಷೆಯಲ್ಲಿ ಎರಡು ವಿಷಯ ಹೋಗಿದೆ ಎಂದು ನೀನು ಹೇಳಿದ್ದು ಒಂದು ಸಲ. "ನನ್ನ ಹತ್ರ ಆಗೂದಿಲ್ಲ ಅತ್ತೆ" ಎಂದಿದ್ದು ಎಷ್ಟು ಸಲವೋ. ಎಷ್ಟು ಅಂಕಕ್ಕೆ ಹೋಗಿದೆ ಅಂತ ಕೇಳಿದರೆ, ನೋಡಿಲ್ಲ ಎಂದೆ. ರಿಸಲ್ಟ್ ಬಂದು ಹದಿನೈದು ದಿನ ಆಯಿತು. ಹೋದ ಎರಡು ವಿಷಯಕ್ಕಿಂತ ನನಗೆ ಆ ಹದಿನೈದು ದಿನದ್ದೇ ಚಿಂತೆ ಜಾಸ್ತಿ.

ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುವಾಗ ನಾನು ಪ್ರತಿ ವರ್ಷ ತಪ್ಪದೆ ಹೇಳುತ್ತಿದ್ದ ವಿಷಯ ಒಂದಿದೆ. ಅಮೆರಿಕದ ಹೆಪ್ನರ್ ಅನ್ನುವವರು ಆಪ್ತಸಮಾಲೋಚನೆಯ ಕ್ಷೇತ್ರದವರು. 1982ರಲ್ಲಿ ಅವರು ಪೀಟರ್ಸನ್ ಎನ್ನುವವರ ಜೊತೆ ಸೇರಿ ಒಂದು ಪ್ರಶ್ನಾವಳಿ ಮಾಡಿದರು. ಅಂಕ ಲೆಕ್ಕ ಹಾಕುವುದು 32 ಹೇಳಿಕೆಗಳಿಗೆ. ನಿನಗೆ ಸಮಸ್ಯೆ ಬಿಡಿಸಲು ಬರುತ್ತದೋ ಇಲ್ಲವೋ ಎಂದು ಅದು ಪರೀಕ್ಷೆ ಮಾಡುವುದೇ ಇಲ್ಲ. ಬಿಡಿಸಬಲ್ಲೆ ಎಂಬ ನಂಬಿಕೆ ನಿನಗೆ ಇದೆಯಾ, ಕಷ್ಟದ ಹತ್ತಿರ ಹೋಗುತ್ತೀಯೋ ದೂರ ಸರಿಯುತ್ತೀಯೋ, ಆ ಹೊತ್ತಿನಲ್ಲಿ ಮನಸ್ಸು ಹಿಡಿತದಲ್ಲಿ ಇರುತ್ತದಾ ಎಂದು ನಿನ್ನನ್ನೇ ಕೇಳುತ್ತದೆ. 20 ವರ್ಷಗಳಲ್ಲಿ ಇದನ್ನು ಇಟ್ಟುಕೊಂಡು 120ಕ್ಕೂ ಹೆಚ್ಚು ಅಧ್ಯಯನಗಳು ನಡೆದವು. 2004ರಲ್ಲಿ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರು. ತನ್ನಿಂದ ಆಗದು ಎಂದುಕೊಂಡವರಲ್ಲಿ ಖಿನ್ನತೆ, ಹತಾಶೆ, ಆತಂಕ ಜಾಸ್ತಿ ಕಂಡಿತ್ತು.

ಇದನ್ನು ಓದಿ, ಹಾಗಾದರೆ ತಪ್ಪೆಲ್ಲ ನನ್ನದೇ ಅಂದುಕೊಳ್ಳಬೇಡ. ಆಗದು ಎಂದುಕೊಳ್ಳುವುದು, ಖಿನ್ನತೆ ಎರಡೂ ಜೊತೆಜೊತೆಗೆ ಇರುತ್ತವೆ ಎಂದಷ್ಟೇ ಕಂಡಿದ್ದು. ಮನಸ್ಸು ಕುಗ್ಗಿದಾಗ ನಂಬಿಕೆಯೂ ಕುಗ್ಗುತ್ತದೆ, ಅಲ್ವಾ? ಆದರೆ "ಆಗೂದಿಲ್ಲ" ಎನ್ನುವುದು ನೀನು ಹಾಕಿಕೊಂಡ ಅಂದಾಜು. ನಿನ್ನ ಅಂಕಪಟ್ಟಿಯಲ್ಲಿ ಹಾಗೆಂದು ಬರೆದಿಲ್ಲ. ಅಂದಾಜನ್ನು ತಿದ್ದಬಹುದು. ತಿದ್ದಬೇಕಾದರೆ ಹತ್ತಿರ ಹೋಗಬೇಕು.

ನಿನ್ನ ಮಾವ ತೀರಿಕೊಂಡ ವರ್ಷದ ಮಳೆಗಾಲ. ನೀನಾಗ ಸಣ್ಣವಳು. ಅಡಿಕೆ ತೋಟಕ್ಕೆ ಮೊದಲ ಮದ್ದು ಹೊಡೆಸುವುದು ತಡವಾಯಿತು, ಕೊಳೆ ರೋಗ ಬಂತು. ಹಿತ್ತಲ ಬೇಲಿ ದಾಟಿದರೆ ತೋಟ. ಹನ್ನೊಂದು ದಿನ ನಾನು ಆ ಬೇಲಿ ದಾಟಲಿಲ್ಲ. ರಾತ್ರಿ ಮಳೆ ಸ್ವಲ್ಪ ನಿಂತಾಗ ಕಾಯಿ ಉದುರುವ ಸದ್ದು ಕೇಳುತ್ತಿತ್ತು. ಕಂಬಳಿ ತಲೆವರೆಗೆ ಎಳೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ಎದ್ದು ಕಾಲೇಜಿಗೆ ಹೋಗಿ ಮಕ್ಕಳಿಗೆ ಇದೇ ಪಾಠ ಮಾಡಿ ಬರುತ್ತಿದ್ದೆ. ನನ್ನ ಮನಸ್ಸಿನಲ್ಲಿ ಇಡೀ ತೋಟ ಬೋಳಾಗಿತ್ತು.

ಹನ್ನೆರಡನೇ ದಿನ ಮಳೆ ನಿಂತು ಹೊಳವಾಯಿತು. ಹೆಡಿಗೆ ಹಿಡಿದು ಹೋದೆ. ಬುಡದಲ್ಲೆಲ್ಲ ಹಸಿ ಕಾಯಿ. ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಪ್ಪಾಗಿತ್ತು, ಕೆಲವಕ್ಕೆ ಹತ್ತಿಯ ಹಾಗೆ ಬಿಳಿ ಬೂಷ್ಟು. ಮಳೆ ನನ್ನ ಮಾತು ಕೇಳುವುದಿಲ್ಲ. ಮರ ಹತ್ತುವವರು ಸಿಕ್ಕಿರಲಿಲ್ಲ. ಉದುರಿದ್ದನ್ನು ಹೆಕ್ಕಿ ತೋಟದಿಂದ ಆಚೆ ಹಾಕುವುದು ಮಾತ್ರ ಕೈಯಲ್ಲಿತ್ತು. ಅಲ್ಲೇ ಬಿಟ್ಟರೆ ಕೊಳೆ ಮತ್ತೂ ಹರಡುತ್ತದೆ. ಹೆಕ್ಕುತ್ತಾ ಹೋದ ಹಾಗೆ ಗೊತ್ತಾಯಿತು: ಕೆಳಗಿನ ನಾಲ್ಕು ಸಾಲು ಪೂರ್ತಿ ಹೋಗಿತ್ತು, ಮೇಲಿನ ಸಾಲುಗಳಲ್ಲಿ ಅಡಿಕೆ ಗೊನೆ ಚೆನ್ನಾಗಿಯೇ ಇತ್ತು. ಅದನ್ನು ಕಣ್ಣಾರೆ ಕಂಡ ಮೇಲೆ ಸಂಜೆ ಮರ ಹತ್ತಿ ಗೊನೆ ಇಳಿಸುವ ಕೊನೆಗೌಡನ ಮನೆಗೆ ಹೋಗಿ ಕೇಳುವ ಧೈರ್ಯ ಬಂತು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಬೋರ್ಡೋ ದ್ರಾವಣ ಕಲಸಿ ಕೊಟ್ಟೆ, ಅವನು ಮರ ಹತ್ತಿ ಹೊಡೆದ. ಆ ವರ್ಷ ನಷ್ಟ ಆಗಿದ್ದು ನಿಜ. ಸಾಲ ತೀರಲು ಎರಡು ವರ್ಷ ಬೇಕಾಯಿತು. ಆದರೆ ಹನ್ನೊಂದು ರಾತ್ರಿ ನಾನು ಕಂಡ ಬೋಳು ತೋಟ ಅಲ್ಲಿ ಇರಲಿಲ್ಲ.

ಕಷ್ಟ ಎದುರಿಸುವ ಮೂರು ರೀತಿಗಳನ್ನು ಹೆಪ್ನರ್ ಮತ್ತು ಜೊತೆಗಾರರು 1995ರಲ್ಲಿ ಬೇರೆ ಮಾಡಿ ತೋರಿಸಿದರು. ಕೂತು ಯೋಚಿಸಿ ಹೆಜ್ಜೆ ಇಡುವುದು ಒಂದು. ಗಾಬರಿಯಲ್ಲಿ ಕೊಚ್ಚಿಹೋಗುವುದು ಇನ್ನೊಂದು. ಅದುಮಿಟ್ಟು, ಇಲ್ಲವೇ ಇಲ್ಲ ಅನ್ನುವ ಹಾಗೆ ಇರುವುದು ಮತ್ತೊಂದು. ನನ್ನ ಹನ್ನೊಂದು ದಿನ, ನಿನ್ನ ಹದಿನೈದು ದಿನ ಎಲ್ಲ ಮೂರನೆಯದು ಕೂಸೇ.

ಸಂಜೆ ಕಾರವಾರದ ಟಾಗೋರ್ ಬೀಚಿನಲ್ಲಿ ಕೂತು ಬರುತ್ತೇನೆ, ಆಗ ಸ್ವಲ್ಪ ಹಗುರ ಎಂದೆಯಲ್ಲ. ಕೂತು ಬಾ. ಅಳು ಬಂದರೆ ಅಳು. ಉದ್ವೇಗ ಇಳಿಸಿಕೊಳ್ಳುವುದೂ ಕಷ್ಟ ಎದುರಿಸುವ ಒಂದು ದಾರಿ. ಲಜಾರಸ್, ಫೋಕ್‌ಮನ್ ಎಂಬ ಮನಃಶಾಸ್ತ್ರಜ್ಞರು 1984ರಲ್ಲೇ ಅದನ್ನು ಬರೆದರು. ಆದರೆ ಕಡಲು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವುದಿಲ್ಲ. ಅದಕ್ಕೆ ಕೊನೆಯ ದಿನ ಅಂತ ಒಂದು ಇರುತ್ತದೆ. ನೀನು ನೋಡದೆ ಕೂತರೂ ಆ ದಿನ ಕಾಯುವುದಿಲ್ಲ.

ಹಾಗಾಗಿ ಈ ಕಾಗದ ಕೈಗೆ ಬಂದ ದಿನ ಒಂದೇ ಕೆಲಸ ಮಾಡು. ಊಟ ಮಾಡಿದ ಮೇಲೆ ಮಾಡು, ಹಸಿದ ಹೊಟ್ಟೆಯಲ್ಲಿ ಬೇಡ. ರಿಸಲ್ಟ್ ತೆಗೆದು ಎರಡೂ ವಿಷಯದ ಅಂಕ ನೋಟ್‌ಬುಕ್ಕಿನಲ್ಲಿ ಬರೆ. ಪಾಸಾಗಲು ಎಷ್ಟು ಬೇಕಿತ್ತು ಎಂದು ಪಕ್ಕದಲ್ಲಿ ಬರೆ. ಕೆಳಗೆ ಮರುಮೌಲ್ಯಮಾಪನದ ಕೊನೆಯ ದಿನ, ಮರುಪರೀಕ್ಷೆಯ ಫಾರ್ಮು ತುಂಬುವ ದಿನ. ಅಷ್ಟೇ. ಏನು ಮಾಡಬೇಕು ಎಂದು ಅವತ್ತೇ ತೀರ್ಮಾನಿಸಬೇಡ. ನೋಟ್‌ಬುಕ್ ಮುಚ್ಚಿ ಮಲಗು.

ಒಬ್ಬಳೇ ದಾಟಿದರೆ ಮಾತ್ರ ಗಟ್ಟಿಗಿತ್ತಿ ಎಂಬ ಯೋಚನೆ ನಿನಗೆ ಎಲ್ಲಿಂದ ಬಂತೋ. 2006ರಲ್ಲಿ ತೈವಾನಿನ ಕಾಲೇಜು ಹುಡುಗ ಹುಡುಗಿಯರನ್ನು ಕೇಳಿ ಹೆಪ್ನರ್ ತಂಡ ಇನ್ನೊಂದು ಪ್ರಶ್ನಾವಳಿ ಮಾಡಿತು. ಬಂದದ್ದನ್ನು ಒಪ್ಪಿಕೊಂಡು ಶ್ರಮಪಡುವುದು, ದೇವರನ್ನು ನೆನೆಯುವುದು, ಮನೆಯವರ ಆಸರೆ ಪಡೆಯುವುದು, ಇವೆಲ್ಲ ಅದರಲ್ಲಿ ಸೇರಿದವು. ಮನೆಯವರನ್ನು ಕೇಳುವುದು ಸೋಲು ಅಂತ ಅಲ್ಲಿ ಎಣಿಸಿಲ್ಲ. ನಮ್ಮಲ್ಲೂ ಬೇಡ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ನಿದ್ದೆ ಬರದೆ, ಬದುಕಿಯೇ ಏನು ಅನ್ನುವ ಯೋಚನೆ ಒಂದು ಸಲ ಬಂದರೂ ಸುಮ್ನೆ ಕೂರಬೇಡ. ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡು. ನಾನು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416. ಹಗಲು ರಾತ್ರಿ ಇರುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಶನಿವಾರ ಬೆಳಗಿನ ಬಸ್ಸಿಗೆ ಇಲ್ಲಿಗೆ ಬಾ. ಬರುವಾಗ ಆ ನೋಟ್‌ಬುಕ್ ತಾ. ಊಟಕ್ಕೆ ಅಪ್ಪೆಹುಳಿ ಮಾಡಿಟ್ಟಿರುತ್ತೇನೆ. ಮಧ್ಯಾಹ್ನ ಇಬ್ಬರೂ ಕೂತು ನೋಡೋಣ. ಆಮೇಲೆ ಅಪ್ಪನಿಗೆ ಫೋನ್ ಮಾಡು. ಮಾತಾಡುವವಳು ನೀನೇ, ನಾನು ಪಕ್ಕದಲ್ಲಿ ಕೂತಿರುತ್ತೇನೆ.

ನಿನ್ನ
ಅತ್ತೆ