ಹಳದಿ ಪಟ್ಟಿಯ ಲಕೋಟೆ

ಪುಟ್ಟೀ,

ನಿನ್ನೆ ರಾತ್ರಿ ಫೈಲು ಎಸೆದದ್ದು ನನ್ನ ತಪ್ಪು. ‘ಎಲ್ಲಾ ಫೋನಲ್ಲೇ ಆಗತ್ತಪ್ಪಾ, ಯಾವ ಕಾಲದಲ್ಲಿದ್ದೀಯ’ ಅಂದೆಯಲ್ಲ, ರೇಗಿಹೋಯಿತು. ಗುರುವಾರ ನೀನು ಓದಲು ಇಟಲಿಯ ಪಾದುವಾ ಊರಿಗೆ ಹೊರಡುವುದರೊಳಗೆ ಎದುರು ಕೂತು ಮಾತಾಡೋಣವೆಂದರೆ ಮತ್ತೆ ಜಗಳವಾಗುತ್ತದೆ. ಅದಕ್ಕೇ ಬರೆದು ಸೂಟ್‌ಕೇಸಿನ ಮೇಲಿಡುತ್ತಿದ್ದೇನೆ. ನಾನು ಇಟಲಿಯಲ್ಲಿದ್ದ ಎರಡು ವರ್ಷದ ಕಥೆ ನಿನಗೆ ಬಾಯಿಪಾಠ, ಅದು ಬೇಡ.

ಮೊದಲು ಲಕೋಟೆ. ಇಟಲಿಗೆ ಕಾಲಿಟ್ಟ ಎಂಟು ಕೆಲಸದ ದಿನಗಳೊಳಗೆ ‘ಪೆರ್ಮೆಸ್ಸೊ ದಿ ಸೊಜ್ಜೋರ್ನೊ’ಗೆ, ಅಂದರೆ ವಾಸದ ಪರವಾನಗಿಗೆ, ಅರ್ಜಿ ಹಾಕಲೇಬೇಕು. ವೀಸಾ ಇರುವುದು ಒಳಗೆ ಹೋಗುವುದಕ್ಕೆ. ಅಲ್ಲಿ ಇರುವುದಕ್ಕೆ ಈ ಪರವಾನಗಿ. ‘ಸ್ಪೋರ್ತೆಲ್ಲೊ ಅಮೀಕೊ’ ಎಂಬ ಕೌಂಟರಿರುವ ಅಂಚೆ ಕಚೇರಿಗೆ ಹೋಗಿ ಹಳದಿ ಪಟ್ಟಿಯ ಕಿಟ್ ಕೇಳು, ಪುಕ್ಕಟೆ ಕೊಡುತ್ತಾರೆ. ಒಳಗಿರುವ ‘ಮೋದುಲೊ 1’ ಫಾರಂ ಅನ್ನು ಕಪ್ಪು ಪೆನ್ನಿನಲ್ಲಿ ದೊಡ್ಡಕ್ಷರದಲ್ಲಿ ತುಂಬು. ಪಾಸ್‌ಪೋರ್ಟ್, ವೀಸಾ, ಪ್ರವೇಶ ಪತ್ರ, ಆರೋಗ್ಯ ವಿಮೆ, ಖರ್ಚಿಗೆ ಹಣವಿದೆ ಎಂಬ ದಾಖಲೆ, ಎಲ್ಲದರ ಜೆರಾಕ್ಸ್ ಒಳಗಿಡು. 16 ಯೂರೋದ ‘ಮಾರ್ಕಾ ದಾ ಬೊಲ್ಲೊ’ ರೆವಿನ್ಯೂ ಸ್ಟಾಂಪನ್ನು ಮುಂಚೆಯೇ ತಬಾಕ್ಕಿ ಎಂಬ ಸಿಗರೇಟಿನ ಅಂಗಡಿಯಲ್ಲಿ ಕೊಂಡಿಟ್ಟುಕೋ. ದೊಡ್ಡ ‘ಟಿ’ ಅಕ್ಷರದ ಬೋರ್ಡು ನೇತಾಡುತ್ತಿರುತ್ತದೆ. ಒಂದು ವರ್ಷದ ಪರವಾನಗಿಗೆ ಶುಲ್ಕ 70.46 ಯೂರೋ, ಅಂಚೆಯವರಿಗೆ ಬೇರೆ 30. ಲಕೋಟೆಗೆ ಗೋಂದು ಹಚ್ಚಬೇಡ, ತೆರೆದೇ ಕೊಡಬೇಕು. ಕೊಟ್ಟ ರಸೀದಿಯೇ ಕಾರ್ಡು ಬರುವತನಕ ನಿನ್ನ ಗುರುತು, ಪಾಸ್‌ಪೋರ್ಟಿನೊಳಗೇ ಇರಲಿ. ವಿಮಾನದ ಬೋರ್ಡಿಂಗ್ ಪಾಸನ್ನೂ ಎಸೆಯಬೇಡ. ಫ್ರಾಂಕ್‌ಫರ್ಟ್‌ನಲ್ಲೇ ಗಡಿ ತಪಾಸಣೆ ಮುಗಿಸಿ ಹೋಗುವವಳಿಗೆ ಇಟಲಿಗೆ ಬಂದ ದಿನ ತೋರಿಸಲು ಅದೇ ಆಧಾರ.

ಪಾದುವಾ ಎಂದ ತಕ್ಷಣ ಎದೆ ಉಬ್ಬುತ್ತದೆ, ಅದನ್ನು ಯಾಕೆ ಮುಚ್ಚಿಡಲಿ. 1222ರಲ್ಲಿ ಶುರುವಾದ ವಿಶ್ವವಿದ್ಯಾಲಯ. ಗೆಲಿಲಿಯೊ 1592ರಿಂದ ಹದಿನೆಂಟು ವರ್ಷ ಪಾಠ ಹೇಳಿದ್ದು ಅಲ್ಲೇ. ಅದಕ್ಕಿಂತ ನನಗೆ ದೊಡ್ಡದು ಎಲೆನಾ ಕೊರ್ನಾರೊ ಪಿಸ್ಕೋಪಿಯಾಳ ವಿಷಯ. ದೇವತಾಶಾಸ್ತ್ರದಲ್ಲಿ ಡಾಕ್ಟರೇಟ್ ಕೇಳಿದಳು. ಹೆಣ್ಣಿಗೆ ಕೂಡದೆಂದು ಬಿಷಪ್ ತಡೆದರು. 1678ರಲ್ಲಿ ತತ್ವಶಾಸ್ತ್ರದಲ್ಲಿ ಪಡೆದೇ ತೀರಿದಳು. ‘ಬೋ’ ಎನ್ನುವ ಹಳೆಯ ಕಟ್ಟಡದಲ್ಲಿ ಅವಳ ವಿಗ್ರಹವಿದೆ, ನೋಡಿ ಬಾ. ಅಲ್ಲಿ ಪರೀಕ್ಷೆ ಬಹಳ ಸಲ ಬಾಯಿಮಾತಿನಲ್ಲೇ. 30ಕ್ಕೆ 18 ಬಂದರೆ ಪಾಸು. ಅಂಕ ಹಿಡಿಸದಿದ್ದರೆ ಸಾಮಾನ್ಯವಾಗಿ ಬೇಡವೆಂದು ಬಿಟ್ಟು ಮತ್ತೆ ಬರೆಯಬಹುದು, ಅದಕ್ಕೆ ನಾಚಿಕೆಪಡಬೇಡ.

ಇಟಲಿ ಒಂದೇ ದೇಶವೆಂದು ತಿಳಿದು ಹೋಗಬೇಡ. 1861ರಲ್ಲಿ ಒಂದಾಯಿತೆನ್ನುತ್ತಾರೆ, ಆದರೆ ನಿನ್ನ ಪಾದುವಾ ಸೇರಿದ್ದು 1866ರಲ್ಲಿ, ರೋಮ್ 1870ರಲ್ಲಿ. ರಾಜನನ್ನು ಇಳಿಸಿ ಗಣರಾಜ್ಯವಾಗಲು 1946ರ ಜೂನ್ 2ರ ಮತದಾನ ಬೇಕಾಯಿತು. ಹಾಗಾಗಿ ಊರಿನ ಅಭಿಮಾನವೇ ಅವರಿಗೆ ಮೊದಲು. ತಮ್ಮೂರ ಚರ್ಚಿನ ಗಂಟೆಗೋಪುರ ಕಂಡರೆ ಸಾಕು ಎನ್ನುವ ಆ ಬುದ್ಧಿಗೆ ‘ಕಂಪನಿಲಿಸ್ಮೊ’ ಎಂದೇ ಹೆಸರಿದೆ. ವೆನಿಸ್ಸಿನವನನ್ನು ಪಾದುವಾದವನೆಂದು ಕರೆದು ನೋಡು, ಧಾರವಾಡದವರನ್ನು ಹುಬ್ಬಳ್ಳಿಯವರು ಅಂದಷ್ಟೇ ಬಿಸಿ ತಟ್ಟುತ್ತದೆ! ನೀನು ಕಲಿತ ಇಟಾಲಿಯನ್ ಫ್ಲಾರೆನ್ಸಿನ ಸೀಮೆಯದ್ದು. ಮನೆಯೊಡತಿ ಮಗನನ್ನು ಬೈಯುವುದು ವೆನೆತೊ ಭಾಷೆಯಲ್ಲಿ, ಅರ್ಥವಾಗದಿದ್ದರೆ ಗಾಬರಿಬೀಳಬೇಡ.

ಅಂಗಡಿ, ಕಚೇರಿ, ಲಿಫ್ಟು, ಎಲ್ಲಿ ಕಾಲಿಟ್ಟರೂ ‘ಬ್ವೊನ್‌ಜೋರ್ನೊ’ ಹೇಳಿಯೇ ಮಾತು ಶುರುಮಾಡು. ‘ಚಾವ್’ ಗೆಳೆಯರಿಗೆ ಮಾತ್ರ. ಹಿರಿಯರಿಗೆ ‘ತೂ’ ಅಲ್ಲ, ‘ಲೇಯಿ’. ನಮ್ಮ ನೀನು-ನೀವು ಲೆಕ್ಕವೇ. ಕಾಫಿಗೆ ‘ಲಾತ್ತೆ’ ಎಂದರೆ ಬರೀ ಹಾಲು ಬರುತ್ತದೆ. ಕೂತು ಕುಡಿದರೆ ದರ ಜಾಸ್ತಿ, ಎಲ್ಲರೂ ನಿಂತೇ ಕುಡಿಯುತ್ತಾರೆ.

ಊಟ. ‘ಸೊನೊ ವೆಜೆತರಿಯಾನಾ’, ನಾನು ಸಸ್ಯಾಹಾರಿ, ಎಂದರೆ ಸಾಲದು. ರಿಸೊಟ್ಟೊ ಎಂಬ ಅವರ ಅನ್ನ ಬೇಯಿಸುವ ನೀರು ಹಲವು ಸಲ ಮಾಂಸದ ಸಾರು, ಆದ್ದರಿಂದ ‘ಬ್ರೋದೊ’ ಯಾವುದೆಂದು ಕೇಳು. ಪಾರ್ಮಿಜಾನೊ ಚೀಸಿನಲ್ಲಿ ಕರುವಿನ ಹೊಟ್ಟೆಯ ಹೆಪ್ಪು ಇರುತ್ತದೆ, ಅದು ಅಲ್ಲಿನ ನಿಯಮ. ಪೆಸ್ಟೊ ಎಂಬ ಹಸಿರು ಚಟ್ನಿಯೊಳಗೂ ಆ ಜಾತಿಯ ಚೀಸೇ. ‘ಪಿಜ್ಜಾ ಮಾರಿನಾರಾ’ ಹೆಸರು ಕೇಳಿ ಮೀನೆಂದು ಹೆದರಬೇಡ, ಅದು ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಅಷ್ಟೇ. ಅಜ್ಜಿಗೆ ಮಾತು ಕೊಟ್ಟಿದ್ದೀಯೆಂದು ಹೇಳಿದೆ, ತಿನ್ನುವವಳು ನೀನು.

ಲಕೋಟೆ ಕೊಟ್ಟಾಯಿತು ಎನ್ನುವತನಕ ವೆನಿಸ್ಸಿಗೆ ಹೋಗಬೇಡ. ಅರ್ಧ ಗಂಟೆಯ ದಾರಿ, ಮನಸ್ಸು ಎಳೆಯುತ್ತದೆ, ಗೊತ್ತು. ಹೋದಾಗ ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರಂ ಯಂತ್ರದಲ್ಲಿ ತೂರಿಸಿ ಠಸ್ಸೆ ಹಾಕಿಸು. ಟಿಕೆಟ್ ಕೊಂಡಿದ್ದರೂ ಠಸ್ಸೆಯಿಲ್ಲದಿದ್ದರೆ ದಂಡ. ‘ಶೋಪೆರೊ’ ಎಂದು ಕಂಡರೆ ಮುಷ್ಕರ. ಕೆಲಸದ ದಿನ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಮಾತ್ರ ಓಡುವ ಖಾತ್ರಿ.

ನಲ್ಲಿಯ ಮೇಲಿನ ‘ಸಿ’ ತಣ್ಣೀರಲ್ಲ, ‘ಕಾಲ್ದೊ’, ಸುಡುನೀರು. ಮನೆಯ ಕರೆಂಟು ಸಾಮಾನ್ಯವಾಗಿ 3 ಕಿಲೋವಾಟ್. ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿದರೆ ಮೀಟರು ಟ್ರಿಪ್ಪಾಗಿ ಕತ್ತಲು. ನಮ್ಮ ದಪ್ಪ ಪಿನ್ನು ಅಲ್ಲಿಗೆ ಹಿಡಿಯುವುದಿಲ್ಲ, ಅಡಾಪ್ಟರು ಕುಕ್ಕರಿನೊಳಗಿಟ್ಟಿದ್ದೇನೆ.

ಮತ್ತೆ ಲಕೋಟೆಯ ಮಾತೇ, ಬೈದುಕೋ. ಫಾರಂನಲ್ಲಿ ‘ನೋಮೆ’ ಎಂದರೆ ನಿನ್ನ ಹೆಸರು, ‘ಕೊನ್ಯೋಮೆ’ ಎಂದರೆ ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿರುವ ನನ್ನ ಹೆಸರು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಪೂರ್ತಿ ಹೆಸರು ಎಂದು ಮಾಡಬೇಡ. ತೆರಿಗೆ ಸಂಖ್ಯೆ, ಬ್ಯಾಂಕು, ಬಾಡಿಗೆ ಕರಾರು, ಪರವಾನಗಿ, ಎಲ್ಲ ಕಡೆ ಒಂದೇ ಅಕ್ಷರ. ಒಂದಕ್ಕೊಂದು ತಾಳೆಯಾಗದಿದ್ದರೆ ತಿಂಗಳುಗಟ್ಟಲೆ ಓಡಾಟ. ರಸೀದಿಯ ಜೊತೆ ಪೊಲೀಸ್ ಕಚೇರಿಯಲ್ಲಿ, ಅಂದರೆ ‘ಕ್ವೆಸ್ತೂರಾ’ದಲ್ಲಿ, ಬೆರಳಚ್ಚು ಕೊಡುವ ದಿನಾಂಕ ಕೊಡುತ್ತಾರೆ. ನಾಲ್ಕು ಫೋಟೊ, ಮೂಲ ದಾಖಲೆಗಳು ತೆಗೆದುಕೊಂಡು ಹೋಗು.

ಅಲ್ಲಿ ಕೊನ್ಯೋಮೆಯಿಂದ ಕರೆಯುತ್ತಾರೆ. ಇಟಾಲಿಯನ್ನರ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. ‘ಅರೀಶ್’ ಎಂದು ಕೂಗಿದರೆ ಸುಮ್ಮನೆ ಕೂತಿರಬೇಡ, ಅದು ನೀನೇ.

ಅಪ್ಪ