ಪಕ್ಕದ ಸೀಟಿನಲ್ಲಿ ಕೂತು ಬರೆದ ಜೆಂಕ್ಸ್

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಕಾರು ರೇಸಿನ ಸುದ್ದಿ ಬರುವುದೇ ಕಡಿಮೆ. ಬಂದರೂ ಗೆದ್ದ ಡ್ರೈವರ್ ಹೆಸರು, ಒಂದು ಫೋಟೊ, ಅಷ್ಟೇ. ಆ ರೇಸನ್ನು ನಮ್ಮ ಕಣ್ಣಿಗೆ ಕಟ್ಟುವಂತೆ ಬರೆದವರ ಹೆಸರು ಮಾತ್ರ ಎಲ್ಲೂ ಕಾಣುವುದಿಲ್ಲ. ಅದಕ್ಕೇ ಈ ಪತ್ರ. ಡೆನಿಸ್ ಜೆಂಕಿನ್ಸನ್ ಅಂತ ಇಂಗ್ಲೆಂಡಿನ ಪತ್ರಕರ್ತರೊಬ್ಬರಿದ್ದರು. 'ಮೋಟರ್ ಸ್ಪೋರ್ಟ್' ಪತ್ರಿಕೆಗೆ ದಶಕಗಳ ಕಾಲ ಬರೆದವರು. 1996ರ ನವೆಂಬರ್ 29ರಂದು ತೀರಿಕೊಂಡರು. ಓದುಗರಿಗೆಲ್ಲ ಅವರು ಜೆಂಕ್ಸ್. ನನಗೂ ಹಾಗೇ.

ಅವರು ಹೋದ ಸುದ್ದಿ ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ಮಸ್ಕತ್‌ನಲ್ಲಿದ್ದ ಸೋದರಮಾವ ರಜೆಗೆ ಬರುವಾಗ ಅತ್ತರು, ಸಾಬೂನಿನ ಜತೆ ನನಗೆ ಅಂತಲೇ ಹಳೇ ಮೋಟರ್ ಪತ್ರಿಕೆಗಳನ್ನು ತರುತ್ತಿದ್ದರು, ಅದರಲ್ಲಿ ಒಂದರಲ್ಲಿ ಓದಿದೆ. ಆ ದಿನ ಊಟ ಸೇರಲಿಲ್ಲ. ಮುಖ ಕೂಡ ನೋಡಿಲ್ಲದವರಿಗೆ ಇಷ್ಟು ಬೇಜಾರಾ ಅಂತ ಅಮ್ಮ ಕೇಳಿದ್ದು ಈಗಲೂ ನೆನಪಿದೆ.

ಯಾಕೆ ಬೇಜಾರು ಅಂದರೆ, ಅವರು ದೂರ ನಿಂತು ಬರೆದವರಲ್ಲ. 1949ರಲ್ಲಿ ಎರಿಕ್ ಆಲಿವರ್ ಓಡಿಸಿದ ಬೈಕಿನ ಪಕ್ಕಕ್ಕೆ ಜೋಡಿಸಿದ ಸೈಡ್‌ಕಾರ್‌ನಲ್ಲಿ ಕೂತು ವಿಶ್ವ ಚಾಂಪಿಯನ್ ಆದವರು. ಆಮೇಲೆ 1955ರ ಮೇ 1. ಇಟಲಿಯ ಮಿಲ್ಲೆ ಮಿಲಿಯಾ ರೇಸ್, ಬ್ರೆಶಾದಿಂದ ರೋಮ್‌ಗೆ ಹೋಗಿ ಮತ್ತೆ ಬ್ರೆಶಾಗೆ, ಹತ್ತಿರ ಹತ್ತಿರ ಸಾವಿರ ಮೈಲಿ. ಟ್ರ್ಯಾಕ್ ಅಲ್ಲ ಅದು, ಊರು, ಪೇಟೆ, ಸೇತುವೆ, ಘಾಟಿ ಎಲ್ಲ ದಾಟುವ ಮಾಮೂಲಿ ರಸ್ತೆ. ಸ್ಟರ್ಲಿಂಗ್ ಮಾಸ್ ಓಡಿಸಿದ ಮರ್ಸಿಡಿಸ್ 300 ಎಸ್‌ಎಲ್‌ಆರ್ ಬೆಳಗ್ಗೆ 7.22ಕ್ಕೆ ಹೊರಟಿತು, ಅದಕ್ಕೇ ಅದರ ನಂಬರ್ 722. ಪಕ್ಕದಲ್ಲಿ ಗಡ್ಡದ ಈ ಪುಟ್ಟ ಮನುಷ್ಯ. ರೇಸಿಗೆ ಮೊದಲೇ ಆ ದಾರಿಯಲ್ಲಿ ಮತ್ತೆ ಮತ್ತೆ ಓಡಾಡಿ ತಿರುವು, ದಿಬ್ಬ, ರೈಲ್ವೆ ಗೇಟು ಎಲ್ಲ ಬರೆದುಕೊಂಡಿದ್ದರು. ಸುಮಾರು 18 ಅಡಿ ಉದ್ದದ ಕಾಗದದ ಸುರುಳಿ. ಅದನ್ನು ಒಂದು ಲೋಹದ ಡಬ್ಬಿಗೆ ಹಾಕಿ, ತಿರುಗಿಸುತ್ತಾ ಓದುವುದು. ಇಂಜಿನ್ ಸದ್ದಿಗೆ ಮಾತು ಕೇಳಿಸುವುದಿಲ್ಲ, ಹಾಗಾಗಿ ಎಲ್ಲ ಕೈಸನ್ನೆಯಲ್ಲೇ. ಈ ಯೋಚನೆಯಲ್ಲಿ ಅಮೆರಿಕದ ಡ್ರೈವರ್ ಜಾನ್ ಫಿಚ್ ಅವರ ಪಾಲೂ ಇತ್ತು, ಅದನ್ನು ಮರೆಯಬಾರದು.

ದಾರಿ ಮಧ್ಯೆ ಜೆಂಕ್ಸ್‌ಗೆ ವಾಂತಿಯಾಯಿತು. ಹೊರಗೆ ಬಗ್ಗಿದಾಗ ಕನ್ನಡಕ ಗಾಳಿಗೆ ಹಾರಿಹೋಯಿತು. ಇನ್ನೊಂದು ಇಟ್ಟುಕೊಂಡಿದ್ದರು, ಹಾಕಿಕೊಂಡು ಮತ್ತೆ ಸುರುಳಿ ತಿರುಗಿಸಿದರು. 10 ಗಂಟೆ 7 ನಿಮಿಷ 48 ಸೆಕೆಂಡಿಗೆ ಬ್ರೆಶಾ ಮುಟ್ಟಿದರು. ಸರಾಸರಿ ವೇಗ ಗಂಟೆಗೆ 157 ಕಿ.ಮೀ.ಗಿಂತ ಜಾಸ್ತಿ. ಎರಡನೆಯವರಾಗಿ ಬಂದ ಫಾಂಜಿಯೊ ಅರ್ಧ ಗಂಟೆಗೂ ಹೆಚ್ಚು ಹಿಂದೆ. ಆಮೇಲೆ ಜೆಂಕ್ಸ್ ಕೂತು ಅದನ್ನೆಲ್ಲ ಜೂನ್ ಸಂಚಿಕೆಗೆ ಬರೆದರು. ನಾನು ಅದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಕೆಲವು ವರ್ಷ ನಾನೂ ಚಿಕ್ಕಪುಟ್ಟ ರ‍್ಯಾಲಿಗಳಲ್ಲಿ ನ್ಯಾವಿಗೇಟರ್ ಆಗಿ, ಅಂದರೆ ಪಕ್ಕದಲ್ಲಿ ಕೂತು ಡ್ರೈವರ್‌ಗೆ ದಾರಿ ಓದಿ ಹೇಳುವವನಾಗಿ, ಕೂತಿದ್ದೇನೆ. ಮಡಿಲಲ್ಲಿ ನೋಟ್‌ಬುಕ್, ಬಾಯಲ್ಲಿ 'ಲೆಫ್ಟ್ ಥ್ರೀ, ಟೈಟನ್ಸ್, ಹಂಡ್ರೆಡ್', ಅಂದರೆ ಎಡಕ್ಕೆ ಮೂರನೇ ದರ್ಜೆಯ ತಿರುವು, ಅದು ಇನ್ನೂ ಬಿಗಿಯಾಗುತ್ತದೆ, ಆಮೇಲೆ ನೂರು ಮೀಟರ್ ನೇರ. ತಲೆ ಎತ್ತಿದರೆ ಸಾಲು ತಪ್ಪುತ್ತದೆ, ತಗ್ಗಿಸಿಯೇ ಇದ್ದರೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಆ ವಾಂತಿಯ ಸಾಲು ಓದಿದಾಗ ನನಗೆ ನಗು ಬರಲಿಲ್ಲ. ನಮ್ಮ ಪಕ್ಕದ ಕಾಸರಗೋಡಿನ ಮೂಸಾ ಶರೀಫ್ ಇದೇ ಸೀಟಿನಲ್ಲಿ ಕೂತು ಎಷ್ಟೋ ಸಲ ರಾಷ್ಟ್ರೀಯ ಚಾಂಪಿಯನ್ ಆದವರು. ಮಂಗಳೂರಿನಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು ಹೇಳಿ?

ಜೆಂಕ್ಸ್ ಹಟಮಾರಿಯೂ ಹೌದು. ಫಾರ್ಮುಲಾ ಒನ್ ಡ್ರೈವರ್ ಯೋಕೆನ್ ರಿಂಟ್ ಯಾವತ್ತೂ ಗ್ರ್ಯಾನ್ ಪ್ರಿ ಗೆಲ್ಲುವುದಿಲ್ಲ, ಗೆದ್ದರೆ ಗಡ್ಡ ಬೋಳಿಸುತ್ತೇನೆ ಅಂತ ಪಂತ ಕಟ್ಟಿದ್ದರು. 1969ರಲ್ಲಿ ರಿಂಟ್ ಅಮೆರಿಕದಲ್ಲಿ ಗೆದ್ದರು. ಜೆಂಕ್ಸ್ ಗಡ್ಡ ಬೋಳಿಸಿದರು. ಬರೆದದ್ದು ತಪ್ಪಾದರೆ ಊರೆಲ್ಲ ನೋಡುವ ಹಾಗೆ ಒಪ್ಪಿಕೊಳ್ಳುವುದು ಅಂದರೆ ಇದು ಅಲ್ವಾ? ಆದರೆ ಒಂದು ವಿಷಯದಲ್ಲಿ ನಾನು ಅವರ ಜತೆ ಇಲ್ಲ. ಟ್ರ್ಯಾಕ್‌ಗಳು ಸುರಕ್ಷಿತವಾಗಬೇಕು ಅಂತ ಡ್ರೈವರ್ ಜಾಕಿ ಸ್ಟೀವರ್ಟ್ ಹೋರಾಡಿದಾಗ ಜೆಂಕ್ಸ್ ಅದನ್ನು ಖಾರವಾಗಿಯೇ ವಿರೋಧಿಸಿದರು. ರಿಂಟ್ 1970ರಲ್ಲಿ ಮೊಂಜಾದಲ್ಲಿ ಅಪಘಾತದಲ್ಲಿ ಸತ್ತರು. ಚಾರ್ಮಾಡಿ ಘಾಟಿಯ ಪ್ರಪಾತದ ಅಂಚಿನಲ್ಲಿ ಮಳೆಗಾಲದ ರಾತ್ರಿ ಗಾಡಿ ಜಾರಿದ ಅನುಭವ ನನಗಿದೆ, ಸ್ಟೀವರ್ಟ್ ಹೇಳಿದ್ದೇ ಸರಿ. ಇಷ್ಟು ಇಷ್ಟಪಡುವವರ ಬಗ್ಗೆ ಇದನ್ನು ಬರೆಯದೆ ಬಿಟ್ಟರೆ ಅದು ಸುಮ್ನೆ ಹೊಗಳಿಕೆ ಆಗುತ್ತದೆ, ಅವರಿಗೇ ಅದು ಹಿಡಿಸುತ್ತಿರಲಿಲ್ಲ.

ಸಂಪಾದಕರೇ, ಒಂದು ಕೋರಿಕೆ. ಮುಂದಿನ ಸಲ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲೋ ನಮ್ಮ ಕರಾವಳಿಯಲ್ಲೋ ರ‍್ಯಾಲಿ ನಡೆದರೆ ನಿಮ್ಮ ವರದಿಗಾರರನ್ನು ಬಹುಮಾನ ಕೊಡುವ ಹೊತ್ತಿಗೆ ಮಾತ್ರ ಕಳಿಸಬೇಡಿ. ಮೊದಲೇ, ರೆಕ್ಕಿ (ರೇಸಿಗೆ ಮುಂಚೆ ದಾರಿ ನೋಡಿ ಬರೆದುಕೊಳ್ಳುವುದು) ನಡೆಯುವ ದಿನವೇ ಕಳಿಸಿ. ಯಾರಾದರೂ ನ್ಯಾವಿಗೇಟರ್ ಹುಡುಗನ ನೋಟ್‌ಬುಕ್ ಬಿಡಿಸಿ ನೋಡಲಿ, ಅವನ ಜತೆ ಅರ್ಧ ದಿನ ಕೂರಲಿ, ಆಮೇಲೆ ಬರೆಯಲಿ. ಪರಿಚಯದ ಹುಡುಗರಿದ್ದಾರೆ, ಬೇಕಾದರೆ ನಾನೇ ಮಾತಾಡಿ ಒಪ್ಪಿಸುತ್ತೇನೆ.

ಇಂತಿ,
ನಿಮ್ಮ ಹಳೇ ಓದುಗ
ಕದ್ರಿ, ಮಂಗಳೂರು